ಜೀಪಿನ ಹಿಂದಿನ ಶಾಫ್ಟ್ ಇಳಿಸೋಕ್ ಮುಂಚೆ ಉಳಿ ತಗೊಳ್ಳಿ

ಮೂಡಿಗೆರೆ, ಸಕಲೇಶಪುರ ಕಡೆ ಎಸ್ಟೇಟುಗಳಲ್ಲಿ ಹಳೇ ಮಹೀಂದ್ರಾ ಜೀಪುಗಳು ಇನ್ನೂ ದುಡೀತಾನೇ ಇವೆ. ಮಳೆ ನಿಂತು ಕಾಫಿ ಕುಯ್ಲು ಶುರುವಾಗೋ ಹೊತ್ತಿಗೆ ನಮ್ಮಲ್ಲಿಗೆ ಬರೋ ಕಂಪ್ಲೇಂಟು ಹೆಚ್ಚುಕಮ್ಮಿ ಒಂದೇ, "ಕ್ಲಚ್ ಬಿಟ್ರೆ ಹಿಂದಿಂದ ಟಕ್ ಅನ್ನುತ್ತೆ ಅಣ್ಣಾ". ಇಂಜಿನ್ ಶಕ್ತಿನ ಹಿಂದಿನ ಚಕ್ರದ ಕಡೆಗೆ ತಗೊಂಡು ಹೋಗೋ ತಿರುಗೋ ಕೊಳವೆನೇ ಶಾಫ್ಟ್, ಅದರ ಎರಡೂ ತುದಿಯ ಜಾಯಿಂಟಲ್ಲಿರೋ + ಆಕಾರದ ತುಂಡು ಕ್ರಾಸ್, ಕ್ರಾಸಿನ ನಾಲ್ಕು ತುದಿಗೂ ಸೂಜಿ ಬೇರಿಂಗ್ ಇರೋ ಒಂದೊಂದು ಕಪ್. ಹಳ್ಳ ದಾಟಿ ದಾಟಿ ಕ್ರಾಸ್ ಒಳಗೆ ನೀರು ಹೋಗಿರುತ್ತೆ, ಗ್ರೀಸು ತೊಳೆದು ಹೋಗಿ ಸೂಜಿ ಬೇರಿಂಗಿಗೆ ತುಕ್ಕು ಹಿಡಿದಿರುತ್ತೆ. ಕಪ್ಪಿನ ಸುತ್ತ ಕುಂಕುಮದ ಥರ ಕೆಂಪು ಪುಡಿ ಕಂಡ್ರೆ ಆ ಕ್ರಾಸ್ ಕಥೆ ಮುಗೀತು ಅಂತ ಲೆಕ್ಕ.

ಹಾಗಂತ ಟಕ್ ಅಂದ ತಕ್ಷಣ ಬಿಚ್ಚೋಕ್ ಹೋಗ್ಬೇಡಿ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಕೆಳಗೆ ಮಲಗಿ ಜಾಯಿಂಟಿನ ಎರಡೂ ಕಡೆ ಒಂದೊಂದು ಕೈ ಹಿಡಿದು ತಿರುವಿ ನೋಡಿ. ಒಂದು ಕೈ ಅಲ್ಲಾಡಿದಾಗ ಇನ್ನೊಂದು ಸುಮ್ನಿದ್ರೆ ಕ್ರಾಸ್ ಲೂಸು. ಎರಡೂ ಒಟ್ಟಿಗೇ ಅಲ್ಲಾಡಿದ್ರೆ ಆಟ ಇರೋದು ಹಿಂದಿನ ಆಕ್ಸಲ್ ಹೌಸಿಂಗ್ ಒಳಗಿನ ಹಲ್ಲುಚಕ್ರಗಳಲ್ಲಿ, ಅಂದ್ರೆ ಕ್ರೌನ್ ಪಿನಿಯನ್ನಲ್ಲಿ, ಅಲ್ಲಿ ಸ್ವಲ್ಪ ಆಟ ಇರ್ಲೇಬೇಕು. ಎಷ್ಟೋ ಜನ ಇದು ನೋಡ್ದೆ ಹೊಸ ಕ್ರಾಸ್ ಹಾಕ್ಸಿ, ಅದೇ ಟಕ್ ಕೇಳ್ಕೊಂಡು ವಾಪಸ್ ಬರ್ತಾರೆ.

ಕಲ್ಲು ಕೊಡಿ ಅಂದಿದ್ದು ಸುಮ್ನೆ ಅಲ್ಲ. ಹಳೇ ಜೀಪಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇರಲ್ಲ, ಮುಂದಿನ ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಪೆಟ್ಟಿಗೆ, ಅಂದ್ರೆ ಟ್ರಾನ್ಸ್‌ಫರ್ ಕೇಸ್ ಬೆನ್ನಿಗೆ ಒಂದು ಸಣ್ಣ ಡ್ರಮ್ ಇರುತ್ತೆ, ಅದು ಹಿಡಿಯೋದು ಈ ಶಾಫ್ಟನ್ನೇ. ಶಾಫ್ಟ್ ಕೆಳಗೆ ಬಂತು ಅಂದ್ರೆ ಹ್ಯಾಂಡ್ ಬ್ರೇಕೂ ಇಲ್ಲ, ಹಾಕಿರೋ ಗೇರೂ ಹಿಂದಿನ ಚಕ್ರ ಹಿಡಿಯಲ್ಲ. ನಮ್ಮ ಕಡೆ ಸಮತಟ್ಟು ಜಾಗ ಹುಡುಕ್ಬೇಕು, ನೀವು ಶಾಫ್ಟಿನ ಕೆಳಗೇ ಮಲಗಿರ್ತೀರ.

ಈಗ ಉಳಿ. ನಾನು ಹೆಲ್ಪರ್ ಆಗಿದ್ದಾಗ ಮೇಸ್ತ್ರಿ "ಗುರುತು ಮಾಡ್ಕೊಳೋ" ಅಂದ್ರು, ನಾನು ಚಾಕ್‌ಪೀಸಲ್ಲಿ ಗೆರೆ ಎಳೆದೆ, ಆಮೇಲೆ ನಾನೇ ಸೀಮೆಎಣ್ಣೆ ಹಾಕಿ ಶಾಫ್ಟನ್ನ ಫಳಫಳ ತೊಳೆದೆ, ಗೆರೆನೂ ಹೋಯ್ತು. ಶಾಫ್ಟಿನ ಹಲ್ಲುಗಳ ಮೇಲೆ ಹಿಂದೆ ಮುಂದೆ ಜಾರೋ ಸ್ಲೀವನ್ನ ಅಂದಾಜಲ್ಲಿ ತಳ್ಳಿ ಜೋಡಿಸಿ ಕಳಿಸಿದ್ವಿ. ಮಾರನೇ ದಿನ ಸಾಹುಕಾರ್ರು ಬಂದು "ಏನಪ್ಪಾ, ಜೀಪು ಕೊಟ್ಟಿದ್ದೆ, ಕಾಫಿ ಪುಡಿ ಮಾಡೋ ಮಷೀನ್ ಮಾಡಿಟ್ಟಿದೀಯಲ್ಲ" ಅಂದ್ರು, ಸ್ಪೀಡು 40 ದಾಟಿದ್ರೆ ಸೀಟು ನಡುಗ್ತಿತ್ತು.

ಯಾಕೆ ಅಂದ್ರೆ, ಓರೆಯಾಗಿ ತಿರುಗೋ ಕ್ರಾಸ್ ಒಂದೇ ಸಮ ತಿರುಗಲ್ಲ. ಈ ಕಡೆ ಒಂದೇ ವೇಗ ಕೊಟ್ರೂ ಆ ಕಡೆ ಒಂದು ಸುತ್ತಲ್ಲಿ ಎರಡು ಸಲ ಜೋರಾಗುತ್ತೆ, ಎರಡು ಸಲ ನಿಧಾನ ಆಗುತ್ತೆ. 15 ಡಿಗ್ರಿ ಓರೆಗೆ ಸುಮಾರು ಶೇ. 3.5 ಮೇಲೆ, ಅಷ್ಟೇ ಕೆಳಗೆ. ಜೀಪು ಗಿಡ್ಡ, ಶಾಫ್ಟೂ ಗಿಡ್ಡ, ಹಾಗಾಗಿ ಓರೆ ಜಾಸ್ತಿ. ಮುಂದಿನ ಕ್ರಾಸ್ ಮಾಡಿದ ಈ ಏರಿಳಿತನ ಹಿಂದಿನ ಕ್ರಾಸ್ ಸರಿ ಮಾಡುತ್ತೆ, ಆದ್ರೆ ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸ್ ಹಿಡಿಯೋ ಕಿವಿಗಳು ಒಂದೇ ನೇರಕ್ಕಿದ್ರೆ ಮಾತ್ರ. ಮಧ್ಯದ ಸ್ಲೀವ್ ಜಾರಿ ಹೊರಗೆ ಬಂದು, ಒಂದೆರಡು ಹಲ್ಲು ಆಚೀಚೆ ಕೂತ್ರೂ ಸರಿ ಮಾಡೋದ್ರ ಬದಲು ಅದುರಾಟ ಹುಟ್ಟುತ್ತೆ. ಅದಕ್ಕೇ ಸ್ಲೀವ್ ಮೇಲೊಂದು, ಶಾಫ್ಟ್ ಮೇಲೊಂದು ಉಳಿ ಏಟು, ಎರಡೂ ಎದುರುಬದುರು. ಕೆಲವು ಶಾಫ್ಟಲ್ಲಿ ಕಂಪನಿಯ ಬಾಣದ ಗುರುತೇ ಇರುತ್ತೆ, ಕೆಸರು ಕೆರೆದು ನೋಡಿ.

ಹಿಂದೆ ಹೌಸಿಂಗ್ ಕಡೆ ಯು ಬೋಲ್ಟ್ ಬಿಚ್ಚಿದ್ರೆ ಎರಡು ಕಪ್ಪಿಗೆ ಯಾವ ಹಿಡಿತಾನೂ ಇರಲ್ಲ, ಪಟ್ ಅಂತ ಉದುರಿ ಸೂಜಿಗಳೆಲ್ಲ ಮಣ್ಣುಪಾಲು. ಸೈಕಲ್ ಟ್ಯೂಬ್ ತುಂಡು ಸುತ್ತಿ ಕಟ್ಬಿಡಿ, ಅಷ್ಟು ಸಾಕು.

ಕ್ರಾಸ್ ತೆಗೆಯೋದು ವೈಸಲ್ಲಿ. ಮೊದಲು ಕಪ್ ಹೊರಗೆ ಬರದ ಹಾಗೆ ಹಿಡಿದಿರೋ ಲಾಕ್ ತೆಗೀಬೇಕು, ಬರ್ಲಿಲ್ಲ ಅಂದ್ರೆ ಕಪ್ಪಿನ ತಲೆಗೆ ಒಳಗಡೆ ಮುಖವಾಗಿ ಮೆಲ್ಲಗೆ ಒಂದು ಏಟು ಹಾಕಿ, ಲಾಕ್ ಮೇಲಿನ ಒತ್ತಡ ಹೋಗುತ್ತೆ. ಕಣ್ಣು ಜೋಪಾನ, ಅದು ಹಾರುತ್ತೆ. ಆಮೇಲೆ ಒಂದು ಕಡೆ ಕಪ್ಪಿಗಿಂತ ಸಣ್ಣ ಸಾಕೆಟ್, ಇನ್ನೊಂದು ಕಡೆ ಕಪ್ ಒಳಗೆ ಬೀಳೋವಷ್ಟು ದೊಡ್ಡ ಸಾಕೆಟ್ ಇಟ್ಟು ವೈಸ್ ಬಿಗೀತಾ ಹೋಗಿ. ಸುತ್ತಿಗೆ ಬೀಸೋರು ಬೀಸ್ತಾರೆ, ಕಿವಿ ಬಗ್ಗಿದ್ರೆ ಹೊಸ ಕ್ರಾಸೂ ಜಾಸ್ತಿ ದಿನ ಬಾಳಲ್ಲ.

ಹೊಸದು ಕೂರಿಸುವಾಗ ಕಪ್ ಇನ್ನೊಂಚೂರು ಒಳಗೆ ಹೋಗ್ಬೇಕು, ಲಾಕ್ ಕೂರ್ತಿಲ್ಲ ಅನ್ಸಿದ್ರೆ ದಯವಿಟ್ಟು ಬಲ ಹಾಕ್ಬೇಡಿ. ಒಂದು ಸೂಜಿ ಕಪ್ಪಿನ ತಳಕ್ಕೆ ಅಡ್ಡ ಬಿದ್ದಿರುತ್ತೆ. ಬಿಚ್ಚಿ, ಗ್ರೀಸಲ್ಲಿ ಸೂಜಿಗಳನ್ನ ಗೋಡೆಗೆ ಅಂಟಿಸಿ ಮತ್ತೆ ಹಾಕಿ. ಗ್ರೀಸ್ ನಿಪ್ಪಲ್ ಗನ್ ಹೋಗೋ ಕಡೆಗೆ ತಿರುಗಿರ್ಲಿ, ಎಲ್ಲ ಮುಗಿದ್ಮೇಲೆ ಗೊತ್ತಾದ್ರೆ ಅಳು ಬರುತ್ತೆ. ಗ್ರೀಸು ನಾಲ್ಕೂ ಸೀಲಿಂದ ಇಣುಕೋ ತನಕ ಹೊಡೀರಿ.

ನಾನು ಗಾಡಿ ಕೊಡೋ ಮುಂಚೆ ಬಣಕಲ್ ತನಕ ಓಡಿಸ್ಕೊಂಡು ಬಂದು, ಕೆಳಗೆ ನುಗ್ಗಿ ಒಂದೊಂದೇ ಕಪ್ಪಿನ ಹತ್ರ ಬೆರಳು ತಂದು ನೋಡ್ತೀನಿ. ನಾಲ್ಕರಲ್ಲಿ ಒಂದು ಮಾತ್ರ ಸುಡ್ತಿದ್ರೆ ಅದು ಬಿಗಿಯಾಗಿ ಕೂತಿದೆ ಅಂತ, ಸಾಹುಕಾರ್ರಿಗೆ ಇನ್ನೊಂದು ಕಾಫಿ ಕುಡೀರಿ ಅಂತ ಹೇಳಿ ಮತ್ತೆ ಬಿಚ್ಚೋಕ್ ಕೂರ್ತೀನಿ.