ನಾಲ್ಕರಲ್ಲಿ ಮೊದಲು ಯಾವುದನ್ನು ಹಿಡಿಯಲಿ?

ಪ್ರಶ್ನೆ: ವ್ಯಾಯಾಮ, ಊಟ, ನಿದ್ದೆ, ವಿಶ್ರಾಂತಿ. ನಾಲ್ಕನ್ನೂ ಒಟ್ಟಿಗೆ ಸರಿ ಮಾಡಿಕೊಳ್ಳೋಣ ಅಂತ ಹೊರಡುತ್ತೇನೆ. ಹತ್ತು ದಿನ ಕಳೆಯುವಷ್ಟರಲ್ಲಿ ನಾಲ್ಕೂ ಕೈಬಿಟ್ಟಿರುತ್ತದೆ. ಒಂದನ್ನೇ ಹಿಡಿಯಬೇಕು ಅಂದರೆ ಯಾವುದರಿಂದ ಶುರು ಮಾಡಲಿ?

ಉತ್ತರ: ಬೆಳಿಗ್ಗೆ ಏಳುವ ಹೊತ್ತಿನಿಂದ. ದಿನಾ ಒಂದೇ ಹೊತ್ತಿಗೆ ಏಳಿ, ರಜೆ ಇದ್ದರೂ ಸರಿ. ಸದ್ಯಕ್ಕೆ ಅಷ್ಟು ಸಾಕು.

ಎಲ್ಲರೂ ಬೇಗ ಮಲಗಿ ಅಂತಾರೆ, ನೀವು ಏಳೋದರ ಬಗ್ಗೆ ಹೇಳ್ತಿದ್ದೀರಲ್ಲ ಅನ್ನಿಸಬಹುದು. ಹತ್ತಕ್ಕೆ ಮಲಗುತ್ತೇನೆ ಅಂತ ಹಟ ಹಿಡಿದು ದೀಪ ಆರಿಸಬಹುದು, ಕಣ್ಣು ಮುಚ್ಚಬಹುದು. ನಿದ್ದೆ ಬರಬೇಕಲ್ಲ? ಕರೆದರೆ ಬರುವ ಪೈಕಿ ಅಲ್ಲ ಅದು. ಏಳುವುದಾದರೆ ನಮ್ಮ ಕೈಯಲ್ಲೇ ಇದೆ. ಗೊಣಗಿಕೊಂಡಾದರೂ ಏಳಬಹುದು. ನಾನಂತೂ ಫೋನನ್ನು ಕೋಣೆಯ ಆಚೆ ಮೂಲೆಯಲ್ಲಿ ಇಡುತ್ತೇನೆ. ಅಲಾರಂ ನಿಲ್ಲಿಸಲು ನಾಲ್ಕು ಹೆಜ್ಜೆ ನಡೆದ ಮೇಲೆ ವಾಪಸ್ ಮಲಗೋದಕ್ಕೆ ನಾಚಿಕೆ ಆಗುತ್ತದೆ.

ನಾವು ಎಚ್ಚರ ಇರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುತ್ತದೆ. ಅದು ಜಾಸ್ತಿಯಾದ ಹಾಗೆ ಕಣ್ಣು ಎಳೆಯತೊಡಗುತ್ತದೆ. ಬೆಳಿಗ್ಗೆ 6ಕ್ಕೆ ಎದ್ದವರಿಗೆ ರಾತ್ರಿ 10ಕ್ಕೆ 16 ಗಂಟೆಯ ಎಚ್ಚರ ಆಗಿರುತ್ತದೆ. ರಜೆ ಅಂತ 10ರವರೆಗೆ ಮಲಗಿದವರಿಗೆ ಬರೀ 12 ಗಂಟೆ. ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡಿದರೆ, ಮರುದಿನ ಕೆಲಸಕ್ಕೆ ಹೋಗುವಾಗ ತಲೆ ಭಾರ ಅನ್ನಿಸಿದರೆ, ಅದರಲ್ಲಿ ಆಶ್ಚರ್ಯ ಏನಿದೆ?

ಕಾಫಿ ಕೆಲಸ ಮಾಡುವುದೂ ಇಲ್ಲೇ. ಕೆಫೀನ್ ಅಡೆನೊಸಿನ್‌ನ ಜಾಗದಲ್ಲಿ ಹೋಗಿ ಕೂತುಬಿಡುತ್ತದೆ. ಸುಸ್ತು ಹಾಗೇ ಇರುತ್ತದೆ, ಮಿದುಳಿಗೆ ಸುದ್ದಿ ಮುಟ್ಟುವುದಿಲ್ಲ ಅಷ್ಟೆ. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು 5 ಗಂಟೆ ಬೇಕು. ಒಬ್ಬೊಬ್ಬರಿಗೆ ಒಂದೊಂದು ಥರ, ನಿಜ. ಆದರೂ ಸಂಜೆ 5ಕ್ಕೆ ಕುಡಿದ ಕಾಫಿ ರಾತ್ರಿ 10ಕ್ಕೂ ಅರ್ಧ ಉಳಿದಿರುತ್ತದೆ ಅಂದುಕೊಂಡರೆ ತಪ್ಪಿಲ್ಲ.

ಎದ್ದ ಮೇಲೆ ಹತ್ತು ನಿಮಿಷ ಮನೆಯಿಂದ ಹೊರಗೆ ಬನ್ನಿ. ದೇಹದೊಳಗೂ ಒಂದು ಗಡಿಯಾರ ಇದೆ. ಜೀವಕೋಶದಲ್ಲಿ ಅದು ಹೇಗೆ ಓಡುತ್ತದೆ ಅಂತ ಕಂಡುಹಿಡಿದವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರದ ಹೊತ್ತನ್ನು ದಿನಾ ಸರಿಹೊಂದಿಸುವುದು ಬೆಳಕು. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ಚೆನ್ನಾಗಿ ದೀಪ ಹಾಕಿದ ಕೋಣೆಯಲ್ಲಿ 500 ಲಕ್ಸ್ ಇದ್ದರೆ ಹೆಚ್ಚು. ಮೋಡ ಮುಚ್ಚಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಕಿಟಕಿ ಪಕ್ಕ ನಿಂತೆ ಅನ್ನುವುದು ಇದಕ್ಕೆ ಸಮ ಆಗಲ್ಲ.

ಹೊರಗೆ ಬಂದವರು ಸುಮ್ನೆ ನಿಲ್ಲುವುದಿಲ್ಲ, ನಾಲ್ಕು ಹೆಜ್ಜೆ ಹಾಕುತ್ತಾರೆ. ವ್ಯಾಯಾಮ ಶುರುವಾಗುವುದೇ ಹೀಗೆ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯುವಂಥ ಚಟುವಟಿಕೆ, ಎರಡು ದಿನ ಮಾಂಸಖಂಡಕ್ಕೆ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ಇಷ್ಟು. ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆಗಲೇಬೇಕು ಅನ್ನುವ ಹಳೆಯ ಷರತ್ತನ್ನು 2020ರಲ್ಲಿ ತೆಗೆದರು. ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ. ಅಂದ ಹಾಗೆ, ಎಲ್ಲರೂ ಹೇಳುವ 10,000 ಹೆಜ್ಜೆ 1960ರ ದಶಕದಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ಅಷ್ಟು ಆಗಲಿಲ್ಲ ಅಂತ ಬೇಜಾರು ಬೇಡ.

ಇನ್ನು ಊಟ. ಇದನ್ನು ಮೊದಲು ಹಿಡಿಯಬೇಡಿ ಅನ್ನಲು ಕಾರಣ ಇದೆ. 2004ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು 12 ಮಂದಿ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ಬರೀ 4 ಗಂಟೆ ಮಲಗಲು ಬಿಟ್ಟು ನೋಡಿದರು. 10 ಗಂಟೆ ಮಲಗಲು ಬಿಟ್ಟಾಗಿನ ಲೆಕ್ಕಕ್ಕೆ ಹೋಲಿಸಿದರೆ, ಹಸಿವು ಕೆರಳಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಶೇ. 28 ಏರಿತ್ತು. ಹೊಟ್ಟೆ ತುಂಬಿತು ಅಂತ ತಿಳಿಸುವ ಲೆಪ್ಟಿನ್ ಹಾರ್ಮೋನು ಶೇ. 18 ಇಳಿದಿತ್ತು. ಬಾಯಿ ಕೇಳಿದ್ದು ಸಿಹಿ, ಉಪ್ಪು, ಪಿಷ್ಟದ ತಿಂಡಿಯನ್ನು. ಪ್ರಯೋಗ ಸಣ್ಣದು, ಒಪ್ಪೋಣ. ಆದರೆ ನಿದ್ದೆಗೆಟ್ಟ ಮರುದಿನ ಕೈ ತಾನಾಗೇ ತಿಂಡಿ ಡಬ್ಬಿಗೆ ಹೋಗುವುದು ನಿಮಗೂ ಗೊತ್ತಿದೆ ಅಲ್ವಾ? ಪಥ್ಯ ಮುರಿದಾಗ ನಮಗೆ ಮನಸ್ಸು ಗಟ್ಟಿಯಿಲ್ಲ ಅಂತ ಬೈದುಕೊಳ್ಳುತ್ತೇವೆ. ತಟ್ಟೆಯ ಅರ್ಧ ಭಾಗ ತರಕಾರಿ, ದಿನಕ್ಕೆ 5 ಗ್ರಾಂ ಒಳಗೆ ಉಪ್ಪು, ಮಲಗುವ ಎರಡು ಮೂರು ಗಂಟೆ ಮೊದಲೇ ಊಟ, ಇವೆಲ್ಲ ಎರಡು ವಾರ ಸರಿಯಾಗಿ ಮಲಗಿದ ಮೇಲೆ ಸುಲಭ.

ವಿಶ್ರಾಂತಿಗೆ ಅಂತ ಬೇರೆ ಹೊತ್ತು ತೆಗೆದಿಡಬೇಕಿಲ್ಲ. ಈಗಲೇ ಎರಡು ಬೆರಳನ್ನು ಮಣಿಕಟ್ಟಿನ ಮೇಲಿಟ್ಟು ನಾಡಿ ಹುಡುಕಿ. ಸಿಕ್ಕಿತಾ? ನಿಧಾನಕ್ಕೆ ಉಸಿರು ಎಳೆದುಕೊಳ್ಳಿ, ಇನ್ನೂ ನಿಧಾನಕ್ಕೆ ಬಿಡಿ. ಎಳೆಯುವಾಗ ನಾಡಿ ಚುರುಕಾಗುತ್ತದೆ, ಬಿಡುವಾಗ ಬಡಿತಗಳ ನಡುವೆ ಅಂತರ ಜಾಸ್ತಿಯಾಗುತ್ತದೆ. ಎಳೆಯರಲ್ಲಿ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಉಸಿರು ಬಿಡುವಾಗ ವೇಗಸ್ ಅನ್ನುವ ನರ ಹೃದಯವನ್ನು ಜಗ್ಗಿ ನಿಧಾನ ಮಾಡುತ್ತದೆ. ನಿಮಿಷಕ್ಕೆ ಆರು ಉಸಿರಿನ ಲೆಕ್ಕದಲ್ಲಿ ಐದು ನಿಮಿಷ ಮಾಡಿ. ಹಾಸಿಗೆಗೆ ಹೋಗುವ ಮೊದಲು ನಾನು ಮಾಡುವುದು ಇದೊಂದೇ.

ಮೊದಲ ವಾರ ಕಷ್ಟ. ಮಧ್ಯಾಹ್ನ ತೂಕಡಿಕೆ ಬರುತ್ತದೆ. ತಡೆಯಲಾಗದಿದ್ದರೆ ಮೂರು ಗಂಟೆಯೊಳಗೆ 20 ನಿಮಿಷ ಮಲಗಿ, ಜಾಸ್ತಿ ಬೇಡ. ರಾತ್ರಿ ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ದೊಡ್ಡವರಿಗೆ 7 ಗಂಟೆಗಿಂತ ಕಡಿಮೆ ನಿದ್ದೆ ಸಾಲದು, ಆದರೆ ಮೊದಲ ದಿನವೇ ಗಂಟೆ ಎಣಿಸುತ್ತಾ ಕೂರಬೇಡಿ.

ರಾತ್ರಿ ಪಾಳಿಯವರಿಗೂ ಪುಟ್ಟ ಮಗು ಇರುವವರಿಗೂ ಈ ಲೆಕ್ಕ ಹೊಂದುವುದಿಲ್ಲ. 7-8 ಗಂಟೆ ಮಲಗಿಯೂ ಹಗಲು ಕಣ್ಣು ಮುಚ್ಚುತ್ತಿದ್ದರೆ, ಜೋರು ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ ಅಂತ ಮನೆಯವರು ಹೇಳಿದರೆ, ಅಲಾರಂ ಬದಲು ವೈದ್ಯರ ಹತ್ತಿರ ಹೋಗಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಇವುಗಳಿಂದಲೂ ಇದೇ ಥರದ ಸುಸ್ತು ಬರುತ್ತದೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.