ಎರಡು ಬ್ರೇಕ್ ಇದ್ದರೆ ಮಾತ್ರ ಸಬ್ಸಿಡಿ

ಕರೆಂಟ್ ಹೋದರೆ ಮನೆಯ ಫ್ಯಾನ್ ನಿಲ್ಲುತ್ತದೆ. ವಿದ್ಯುತ್ ತಯಾರಿಸುವ ಗಾಳಿಯಂತ್ರಕ್ಕೆ ಲೈನ್ ಕಡಿದುಹೋದರೆ ಅದು ಹುಚ್ಚೆದ್ದು ತಿರುಗುತ್ತದೆ. ಏರು ಹತ್ತುವಾಗ ಸೈಕಲ್ ಚೈನ್ ಕಳಚಿದರೆ ಪೆಡಲ್ ಗಿರ್ರೆನ್ನುವುದಿಲ್ಲವೇ, ಹಾಗೆ. ಬಾವಿಯಿಂದ ನೀರು ಸೇದುವಾಗ ಹಗ್ಗ ತುಂಡಾದರೆ ಎಳೆಯುತ್ತಿದ್ದವರು ಹಿಂದಕ್ಕೆ ಬೀಳುತ್ತಾರಲ್ಲ, ಅದೂ ಇದೇ. ಜನರೇಟರಿನ ಎಳೆತವೇ ರೆಕ್ಕೆಗೆ ಮೂಗುದಾರ. ಅದು ಕಳಚಿದ ಮೇಲೆ ಬ್ರೇಕ್ ಒಂದೇ ಗತಿ. ಅದೂ ಕೈಕೊಟ್ಟರೆ ರೆಕ್ಕೆ ಚೂರು ಚೂರು.

ಈ ಬ್ರೇಕಿನಲ್ಲೇ ಡೆನ್ಮಾರ್ಕ್ ಸರ್ಕಾರದ ಜಾಣತನ ಅಡಗಿದೆ. 1973ರ ತೈಲ ಬಿಕ್ಕಟ್ಟಿನಲ್ಲಿ ಸುಮಾರು 50 ಲಕ್ಷ ಜನರ ಆ ದೇಶ ಕಂಗಾಲಾಯಿತು. ಭಾನುವಾರ ಕಾರು ಹೊರಗೆ ತೆಗೆಯುವಂತಿರಲಿಲ್ಲ. ಆಗ ಹಳ್ಳಿಯ ಬಡಗಿಗಳು, ಕಮ್ಮಾರರು ಗಾಳಿಯಂತ್ರ ಕಟ್ಟತೊಡಗಿದರು. ಅಲ್ಲಿನ ಎಂಜಿನಿಯರ್ ಯೊಹಾನೆಸ್ ಯೂಲ್ 1957ರಲ್ಲಿ ಗೆಡ್ಸರ್ ಎಂಬ ಊರಿನಲ್ಲಿ ನಿಲ್ಲಿಸಿದ್ದ 200 ಕಿಲೋವ್ಯಾಟ್‌ನ ಮೂರು ರೆಕ್ಕೆಯ ಯಂತ್ರ ಅವರ ಕಣ್ಣೆದುರಿಗಿತ್ತು. (ಯೂಲ್‌ರ ಗುರು ಪೌಲ್ ಲಾ ಕೂರ್, ಆಸ್ಕೋವ್‌ನ ಮೇಷ್ಟ್ರು. ಗಾಳಿಯ ಕರೆಂಟಿನಿಂದ ನೀರನ್ನು ಒಡೆದು, ಬಂದ ಹೈಡ್ರೋಜನ್‌ನಿಂದ ಶಾಲೆಗೆ ದೀಪ ಹಚ್ಚಿದವರು. ಅದೂ 1890ರ ದಶಕದಲ್ಲಿ! ಅವರ ಬಗ್ಗೆಯೇ ಬರೆಯುತ್ತಾ ಕೂರಬಹುದು, ಇರಲಿ.)

1979ರಲ್ಲಿ ಸರ್ಕಾರ ಯಂತ್ರದ ಬೆಲೆಯ ಶೇ. 30ರಷ್ಟು ಸಹಾಯಧನ ಘೋಷಿಸಿತು. ಹಣ ಹೋದದ್ದು ಯಂತ್ರ ಕೊಳ್ಳುವವರಿಗೆ, ಅದೂ ರಿಸೋ ಪರೀಕ್ಷಾ ಕೇಂದ್ರ ಒಪ್ಪಿದ ಯಂತ್ರವಾದರೆ ಮಾತ್ರ. ಹಸು ಕೊಳ್ಳುವ ಸಾಲಕ್ಕೆ ಪಶುವೈದ್ಯರ ಸರ್ಟಿಫಿಕೇಟ್ ಕೇಳಿದಂತೆ. ರಿಸೋ ಮೂಲತಃ ಅಣುಶಕ್ತಿ ಸಂಶೋಧನೆಗೆಂದು ಕಟ್ಟಿದ ಸಂಸ್ಥೆ ಎಂಬುದು ಬೇರೆ ತಮಾಷೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬ್ರೇಕ್ ಇರಲೇಬೇಕು ಎಂದು ಅಲ್ಲಿನವರು ಪಟ್ಟು ಹಿಡಿದರು. ಯೂಲ್ ಅವರ ಹಳೆಯ ಉಪಾಯ ಮತ್ತೆ ಕೆಲಸಕ್ಕೆ ಬಂತು: ವೇಗ ಮಿತಿಮೀರಿದರೆ ರೆಕ್ಕೆಯ ತುದಿಯಷ್ಟೇ ಹೊರಳಿ, ತಿರುಗುವ ದಿಕ್ಕಿಗೆ ಅಡ್ಡ ನಿಲ್ಲುತ್ತದೆ. ಓಡುವ ದೋಣಿಯಲ್ಲಿ ಹುಟ್ಟನ್ನು ಅಡ್ಡ ಹಿಡಿದ ಹಾಗೆ.

ಯಂತ್ರದ ಮಾಲೀಕರೂ ಸುಮ್ಮನಿರಲಿಲ್ಲ. ಸಂಘ ಕಟ್ಟಿಕೊಂಡು, ಯಾರ ಯಂತ್ರ ಎಷ್ಟು ಯೂನಿಟ್ ಕೊಟ್ಟಿತು, ಏನು ಕೆಟ್ಟಿತು ಎಂದು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಕಳಪೆ ಮಾಲು ಮಾರುವವನಿಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಇರಲಿಲ್ಲ.

ಅದೇ ಹೊತ್ತಿಗೆ ಪಶ್ಚಿಮ ಜರ್ಮನಿ ಸರ್ಕಾರಿ ಹಣದಲ್ಲಿ 3 ಮೆಗಾವ್ಯಾಟ್‌ನ ‘ಗ್ರೋವಿಯಾನ್’ ಎಂಬ ದೈತ್ಯನನ್ನು ಒಮ್ಮೆಗೇ ನಿಲ್ಲಿಸಿತು. 1983ರಲ್ಲಿ ಶುರುವಾದ ಅದು ಒಟ್ಟು ಓಡಿದ್ದು ಕೆಲವೇ ನೂರು ಗಂಟೆ. 1988ರಲ್ಲಿ ಬಿಚ್ಚಿದರು. ಡೆನ್ಮಾರ್ಕಿನ ಸಹಾಯಧನ ವರ್ಷದಿಂದ ವರ್ಷಕ್ಕೆ ಇಳಿದು 1989ಕ್ಕೆ ನಿಂತೇಹೋಯಿತು. ಅಷ್ಟರಲ್ಲಿ ಅವರ ಯಂತ್ರಗಳು ಕ್ಯಾಲಿಫೋರ್ನಿಯಾದ ಗುಡ್ಡಗಳನ್ನು ಹತ್ತಿ ಆಗಿತ್ತು.

ಚಿತ್ರದುರ್ಗದ ಬೆಟ್ಟಸಾಲಿನ ಮೇಲೆ ತಿರುಗುವ ಯಂತ್ರಗಳನ್ನು ಹೆದ್ದಾರಿಯಿಂದ ನೋಡಿದ್ದೀರಲ್ಲ, ಆ ಮೂರು ರೆಕ್ಕೆ ಗೆಡ್ಸರ್‌ನ ವಂಶದ್ದೇ. ಈಗಿನ ಯಂತ್ರಗಳಲ್ಲಿ ಬ್ರೇಕ್ ಹಾಕಲು ತುದಿಯೊಂದೇ ಅಲ್ಲ, ಇಡೀ ರೆಕ್ಕೆಯೇ ಹೊರಳುತ್ತದೆ.