ಹತ್ತು ಮೈಲಿ ದಾಟಿದರೆ ಸಬ್ ಟೀಚರ್ ಸಂಬಳ ಯಾಕೆ ಬದಲಾಗುತ್ತದೆ?

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಸಬ್‌ಸ್ಟಿಟ್ಯೂಟ್ ಟೀಚರ್ (ಸಬ್), ಅಂದರೆ ಟೀಚರ್ ರಜೆ ಹಾಕಿದ ದಿನ ಅವರ ಬದಲಿಗೆ ಪಾಠ ಮಾಡುವವಳು ಆಗೋಣ ಅಂತ ಯೋಚಿಸುತ್ತಿದ್ದೇನೆ. ವಿಚಾರಿಸಿದರೆ ನಮ್ಮೂರಿನ ಶಾಲೆಗಳಲ್ಲಿ ದಿನಕ್ಕೆ ಒಂದು ದರ, ಹತ್ತು ಮೈಲಿ ಆಚೆಯ ಊರಿನಲ್ಲಿ ಅದಕ್ಕಿಂತ ಜಾಸ್ತಿ. ಬೇರೆ ರಾಜ್ಯದಲ್ಲಿರುವ ನನ್ನ ತಂಗಿಯ ಊರಿನಲ್ಲಿ ಎರಡಕ್ಕಿಂತಲೂ ಕಡಿಮೆ. ಕೆಲಸ ಒಂದೇ ಅಲ್ವಾ? ಯಾಕೆ ಹೀಗೆ? ನಾನು ಎಲ್ಲಿ ಸೇರಿದರೆ ಒಳ್ಳೆಯದು?

ಉತ್ತರ: ಕೆಲಸ ಒಂದೇ, ನಿಜ. ಆದರೆ ಸಂಬಳ ಕೊಡುವವರು ಬೇರೆ ಬೇರೆ. ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ವಾಷಿಂಗ್ಟನ್‌ನ ಕೇಂದ್ರ ಸರ್ಕಾರ ಅಲ್ಲ, ಹೆಚ್ಚಿನ ಕಡೆ ರಾಜ್ಯವೂ ಅಲ್ಲ. ಸ್ಕೂಲ್ ಡಿಸ್ಟ್ರಿಕ್ಟ್‌ಗಳು, ಅಂದರೆ ಊರು ಅಥವಾ ಪ್ರದೇಶದ ಮಟ್ಟದ ಶಾಲಾ ಆಡಳಿತಗಳು ನಡೆಸುತ್ತವೆ. ಇಡೀ ದೇಶದಲ್ಲಿ ಇಂಥ ಡಿಸ್ಟ್ರಿಕ್ಟ್‌ಗಳು ಸುಮಾರು 13,000 ಇವೆ. ಪ್ರತಿಯೊಂದಕ್ಕೂ ತನ್ನದೇ ಸ್ಕೂಲ್ ಬೋರ್ಡ್, ತನ್ನದೇ ಬಜೆಟ್. ಸಬ್‌ಗೆ ದಿನಕ್ಕೆ ಎಷ್ಟು ಅಂತ ಆ ಬೋರ್ಡ್ ಒಂದು ಸಂಜೆ ಮೀಟಿಂಗಿನಲ್ಲಿ ಕೂತು ತೀರ್ಮಾನಿಸುತ್ತದೆ. ನೀವು ಹತ್ತು ಮೈಲಿ ಕಾರು ಓಡಿಸಿದಾಗ ದಾಟುವುದು ಆ ಗಡಿಯನ್ನೇ. ರಸ್ತೆಯಲ್ಲಿ ಅದು ಕಾಣುವುದಿಲ್ಲ, ಸಂಬಳದ ಚೀಟಿಯಲ್ಲಿ ಕಾಣುತ್ತದೆ.

ಇದಕ್ಕೆ ಹೊರತಾದ ರಾಜ್ಯ ಹವಾಯಿ. ಅಲ್ಲಿ ಇಡೀ ರಾಜ್ಯಕ್ಕೆ ಒಂದೇ ಡಿಸ್ಟ್ರಿಕ್ಟ್. ಹಾಗಾಗಿ ಯಾವ ದ್ವೀಪದಲ್ಲಿ ಪಾಠ ಮಾಡಿದರೂ ದರದ ಪಟ್ಟಿ ಒಂದೇ. ವ್ಯತ್ಯಾಸ ಬರುವುದು ನಿಮ್ಮ ಓದಿನ ಮೇಲೆ. ಆರೆಗಾನ್ ಇನ್ನೊಂದು ದಾರಿ ಹಿಡಿದಿದೆ, ನನಗೆ ಅದು ತುಂಬ ಇಷ್ಟ. ಅಲ್ಲಿ ಡಿಸ್ಟ್ರಿಕ್ಟ್‌ಗಳು ಬಹಳ ಇವೆ, ಆದರೆ ಸಬ್ ಸಂಬಳ ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ಕಾನೂನೇ ಹೇಳುತ್ತದೆ. ಬ್ಯಾಚುಲರ್ ಡಿಗ್ರಿ ಇಟ್ಟುಕೊಂಡು ಹೊಸದಾಗಿ ಸೇರುವ ಟೀಚರ್‌ಗಳ ವರ್ಷದ ಸಂಬಳ ರಾಜ್ಯದಲ್ಲಿ ಸರಾಸರಿ ಎಷ್ಟಿದೆ ನೋಡುತ್ತಾರೆ. ಅದನ್ನು 190ರಿಂದ ಭಾಗಿಸುತ್ತಾರೆ. ಬಂದದ್ದರಲ್ಲಿ ಶೇಕಡಾ 85ರಷ್ಟಾದರೂ ಸಬ್‌ಗೆ ಒಂದು ದಿನಕ್ಕೆ ಕೊಡಬೇಕು. ಲೆಕ್ಕಕ್ಕೆ ಅಂತ ಆ ಸರಾಸರಿ 38,000 ಡಾಲರ್ ಅಂದುಕೊಳ್ಳಿ. 190ರಿಂದ ಭಾಗಿಸಿದರೆ 200. ಅದರ 85 ಶೇಕಡಾ ಅಂದರೆ 170 ಡಾಲರ್. ಟೀಚರ್ ಸಂಬಳ ಏರಿದ ಹಾಗೆ ಸಬ್ ಸಂಬಳವೂ ತಾನಾಗಿ ಏರುತ್ತದೆ. ಯಾರೂ ಬೋರ್ಡ್ ಮುಂದೆ ಹೋಗಿ ಬೇಡಬೇಕಾಗಿಲ್ಲ.

ಹೆಚ್ಚಿನ ರಾಜ್ಯಗಳಲ್ಲಿ ಇಂಥ ಕಾನೂನು ಇಲ್ಲ. ಅಲ್ಲಿ ಹೋಲಿಸಿ ನೋಡಲು ಸಿಗುವುದು ಎಲ್ಲ ಕೆಲಸಗಳಿಗೆ ಇರುವ ಸಾಮಾನ್ಯ ಕನಿಷ್ಠ ಕೂಲಿ. ಕೇಂದ್ರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಕ್ಯಾಲಿಫೋರ್ನಿಯಾದಲ್ಲಿ 2025ರಲ್ಲಿ ಅದು 16.50 ಡಾಲರ್ ಇತ್ತು. ಕ್ಯಾಲಿಫೋರ್ನಿಯಾದ ಯಾವ ಬೋರ್ಡೂ ಸಬ್‌ಗೆ ಅಂಗಡಿಯ ಕೆಲಸಗಾರನಿಗಿಂತ ಕಡಿಮೆ ಕೊಟ್ಟು ನಿಭಾಯಿಸಲಾರದು. 7.25ರ ರಾಜ್ಯದಲ್ಲಿ ನಿಭಾಯಿಸಿಬಿಡಬಹುದು. ತಂಗಿಯ ಊರಿನ ದರಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನೊಂದು ಕಾರಣ, ಯಾರನ್ನು ಸಬ್ ಆಗಿ ತೆಗೆದುಕೊಳ್ಳಬಹುದು ಅನ್ನುವುದು. ಇದನ್ನು ಮಾತ್ರ ಹೆಚ್ಚಾಗಿ ರಾಜ್ಯವೇ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಬ್ಯಾಚುಲರ್ ಡಿಗ್ರಿ ಬೇಕು, ರಾಜ್ಯದಿಂದ ಪರ್ಮಿಟ್ ಬೇಕು. ಫ್ಲೋರಿಡಾದಲ್ಲಿ ಹೈಸ್ಕೂಲ್ ಡಿಪ್ಲೊಮಾ ಇದ್ದರೆ ಕಾನೂನಿಗೆ ಸಾಕು. ಮಿಸೌರಿಯಲ್ಲಿ 36 ಕಾಲೇಜ್ ಕ್ರೆಡಿಟ್, ಅಂದರೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಕಾಲೇಜ್ ಓದು ಇರಬೇಕು. ಇಲ್ಲದಿದ್ದರೆ ಹೈಸ್ಕೂಲ್ ಮುಗಿಸಿದವರು 20 ಗಂಟೆಯ ಆನ್‌ಲೈನ್ ತರಬೇತಿ ಮಾಡಿಕೊಂಡು ಬರಬಹುದು. ಟೆಕ್ಸಸ್‌ನಲ್ಲಿ ಸಬ್‌ಗೆ ಅಂತ ರಾಜ್ಯದ ಲೈಸೆನ್ಸೇ ಇಲ್ಲ, ಎಲ್ಲ ಡಿಸ್ಟ್ರಿಕ್ಟ್‌ಗೆ ಬಿಟ್ಟದ್ದು. ಬಾಗಿಲು ದೊಡ್ಡದಾದಷ್ಟೂ ಒಳಗೆ ಬರಬಲ್ಲವರು ಜಾಸ್ತಿ. ಬರುವವರು ಜಾಸ್ತಿ ಇದ್ದಲ್ಲಿ ದರ ಏರಿಸುವ ಅವಸರ ಯಾರಿಗೂ ಇರುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ಗಟ್ಟಿ ಭಾಗಕ್ಕೆ ಬರುತ್ತೇನೆ. ಒಂದೇ ರಾಜ್ಯ, ಒಂದೇ ಕಾನೂನು, ಅಕ್ಕಪಕ್ಕದ ಊರು. ಆದರೂ ದರ ಯಾಕೆ ಬೇರೆ? ಶಾಲೆಗೆ ಹಣ ಬರುವುದು ಬಹುಮಟ್ಟಿಗೆ ರಾಜ್ಯದಿಂದ ಮತ್ತು ಊರಿನ ಆಸ್ತಿ ತೆರಿಗೆಯಿಂದ. ದೊಡ್ಡ ಮನೆಗಳಿರುವ ಊರಿನಲ್ಲಿ ತೆರಿಗೆ ಜಾಸ್ತಿ, ಶಾಲೆಗೆ ಹಣ ಜಾಸ್ತಿ. ಹಾಗಾದರೆ ಸಬ್‌ಗೂ ಅಲ್ಲೇ ಜಾಸ್ತಿ ಸಿಗಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಎಷ್ಟೋ ಕಡೆ ಉಲ್ಟಾ ಇರುತ್ತದೆ. ಅನುಕೂಲವಂತರ ಊರಿನಲ್ಲಿ ಓದಿದ ತಾಯಂದಿರು ಇರುತ್ತಾರೆ, ನಿವೃತ್ತ ಟೀಚರ್‌ಗಳು ಇರುತ್ತಾರೆ. ತಮ್ಮ ಮಕ್ಕಳ ಶಾಲೆಯಲ್ಲೇ ವಾರಕ್ಕೆ ಎರಡು ದಿನ ಬರಲು ಅವರು ತಯಾರು. ಸಂಬಳ ಸ್ವಲ್ಪ ಕಡಿಮೆ ಇದ್ದರೂ ಬರುತ್ತಾರೆ. ಪಕ್ಕದ ಬಡ ಊರಿನಲ್ಲಿ ತರಗತಿ ದೊಡ್ಡದು, ಬಸ್ಸು ಕಡಿಮೆ, ಟೀಚರ್‌ಗಳ ರಜೆಯೂ ಜಾಸ್ತಿ. ಅಲ್ಲಿಗೆ ಕರೆದರೆ ಬರುವವರಿಲ್ಲ. ಹಾಗಾಗಿ ಅವರು ಇರುವ ಹಣದಲ್ಲೇ ಸಬ್ ದರ ಏರಿಸಬೇಕಾಗುತ್ತದೆ.

ಅಂದರೆ ನೀವು ನೋಡಿದ ಆ ದೊಡ್ಡ ಸಂಖ್ಯೆ ಆ ಊರಿನ ಶ್ರೀಮಂತಿಕೆಯ ಗುರುತು ಆಗಿರಬೇಕು ಅಂತೇನಿಲ್ಲ. ಆ ಕುರ್ಚಿ ತುಂಬುವುದು ಅಲ್ಲಿ ಎಷ್ಟು ಕಷ್ಟ ಅನ್ನುವುದರ ಗುರುತು ಆಗಿರಬಹುದು. ಇದು ನನಗೆ ಬೇಸರ ತರುವ ವಿಷಯ. ಸಬ್ ಸಿಗದ ದಿನ ಏನಾಗುತ್ತದೆ ಗೊತ್ತೇ? ಆ ತರಗತಿಯ ಮಕ್ಕಳನ್ನು ಐದೈದಾಗಿ ಬೇರೆ ತರಗತಿಗಳಿಗೆ ಹಂಚುತ್ತಾರೆ. ಇಲ್ಲ, ಇನ್ನೊಬ್ಬ ಟೀಚರ್ ತನ್ನ ಬಿಡುವಿನ ಪೀರಿಯಡ್ ಬಿಟ್ಟು ಬರುತ್ತಾರೆ. ಕೆಲವೊಮ್ಮೆ ಪ್ರಿನ್ಸಿಪಾಲರೇ ನಿಲ್ಲುತ್ತಾರೆ. ಹೀಗೆ ಪಾಠ ಕಳೆದುಕೊಳ್ಳುವುದು ಹೆಚ್ಚಾಗಿ, ಪಾಠ ಕಳೆದುಕೊಂಡರೆ ಮನೆಯಲ್ಲಿ ಹೇಳಿಕೊಡುವವರು ಇಲ್ಲದ ಮಕ್ಕಳು.

ಕೋವಿಡ್ ಕಾಲದಲ್ಲಿ ಈ ಕೊರತೆ ಎಲ್ಲರಿಗೂ ಕಾಣಿಸಿತು. 2022ರ ಜನವರಿಯಲ್ಲಿ ನ್ಯೂ ಮೆಕ್ಸಿಕೋ ರಾಜ್ಯ ನ್ಯಾಷನಲ್ ಗಾರ್ಡ್ ಸೈನಿಕರನ್ನೇ ಸಬ್ ಆಗಲು ಕರೆಯಿತು. ಗವರ್ನರ್ ಮಿಷೆಲ್ ಲುಹಾನ್ ಗ್ರಿಷಮ್ ಸ್ವತಃ ಸಬ್ ಆಗಿ ಚಿಕ್ಕ ಮಕ್ಕಳ ತರಗತಿಯಲ್ಲಿ ನಿಂತರು. ಅದೇ ತಿಂಗಳು ಓಕ್ಲಹೋಮ ತನ್ನ ಸರ್ಕಾರಿ ನೌಕರರಿಗೆ ಸಬ್ ಆಗಿ ಹೋಗಲು ಅವಕಾಶ ಕೊಟ್ಟಿತು. ಆಗ ಕೇಂದ್ರ ಸರ್ಕಾರ ಶಾಲೆಗಳಿಗೆ ಒಟ್ಟು ಸುಮಾರು 190 ಬಿಲಿಯನ್ ಡಾಲರ್ ಪರಿಹಾರ ಹಣ ಕೊಟ್ಟಿತ್ತು. ಬಹಳ ಡಿಸ್ಟ್ರಿಕ್ಟ್‌ಗಳು ಅದರಿಂದಲೇ ಸಬ್ ದರ ಏರಿಸಿದವು. ಆ ಹಣ ಬಳಸುವ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಆದ್ದರಿಂದ ನೀವು ನೋಡುತ್ತಿರುವ ದರ ಯಾವ ವರ್ಷದ್ದು ಅಂತ ಮೊದಲು ನೋಡಿ. 2022ರ ಜಾಹೀರಾತು ನಂಬಿ ಹೋಗಬೇಡಿ.

ಇನ್ನು ಎಲ್ಲಿ ಸೇರಬೇಕು ಅನ್ನುವುದು. ದಿನದ ದರವನ್ನು ಹಾಗೇ ಹೋಲಿಸಬೇಡಿ, ಗಂಟೆಗೆ ಇಳಿಸಿ. ಒಂದು ಕಡೆ ದಿನಕ್ಕೆ 130 ಡಾಲರ್, ಆದರೆ ಆರೂವರೆ ಗಂಟೆ ಕೆಲಸ ಅಂದುಕೊಳ್ಳಿ. ಗಂಟೆಗೆ 20 ಆಯಿತು. ಇನ್ನೊಂದು ಕಡೆ 150, ಆದರೆ ಎಂಟು ಗಂಟೆ ಇರಬೇಕು. ಗಂಟೆಗೆ 18.75 ಮಾತ್ರ. ಮೇಲೆ ಕಾರಿನ ಖರ್ಚು. ಕೆಲಸದ ಭಾಗವಾಗಿ ಓಡಿಸುವ ಕಾರಿಗೆ, ತೆರಿಗೆ ವಿನಾಯ್ತಿಗೆ ಅಂತ ಅಲ್ಲಿನ ತೆರಿಗೆ ಇಲಾಖೆ 2025ಕ್ಕೆ ಇಟ್ಟಿದ್ದ ಲೆಕ್ಕ ಮೈಲಿಗೆ 70 ಸೆಂಟ್. ಮನೆಯಿಂದ ಶಾಲೆಗೆ ಹೋಗುವುದಕ್ಕೆ ಆ ತೆರಿಗೆ ವಿನಾಯ್ತಿ ಸಿಗುವುದಿಲ್ಲ, ಆದರೂ ಖರ್ಚು ಅಂದಾಜು ಮಾಡಲು ಅದು ಒಳ್ಳೆಯ ಅಳತೆ. ನಿಮ್ಮ ಹತ್ತು ಮೈಲಿ, ಹೋಗಿ ಬರಲು ಇಪ್ಪತ್ತು. ದಿನಕ್ಕೆ 14 ಡಾಲರ್. ಅಲ್ಲಿಗೆ 130ರ ಬದಲು 150 ಅಂತ ಹೆಚ್ಚಿಗೆ ಸಿಗುವ ಆ ಇಪ್ಪತ್ತು ಡಾಲರಿನಲ್ಲಿ ಉಳಿದದ್ದು ಆರು ಡಾಲರ್, ಅದಕ್ಕೆ ಒಂದೂವರೆ ಗಂಟೆ ಹೆಚ್ಚಿನ ದುಡಿಮೆ.

ಅರ್ಧ ದಿನದ ನಿಯಮವನ್ನೂ ಕೇಳಿಕೊಳ್ಳಿ. ನಾನು ಸಬ್ ಆಗಿದ್ದ ಕಾಲದಲ್ಲಿ ಒಂದು ಡಿಸ್ಟ್ರಿಕ್ಟ್‌ನಲ್ಲಿ ಇಡೀ ದಿನ ಅಂತ ಕರೆದರು. ಮಧ್ಯಾಹ್ನದ ಹೊತ್ತಿಗೆ ಟೀಚರ್ ವಾಪಸ್ ಬಂದರು. ನನಗೆ ಅರ್ಧ ದಿನದ ದುಡ್ಡು ಕೊಟ್ಟು ಕಳಿಸಿದರು. ಆ ದಿನ ಬೇರೆ ಶಾಲೆಯ ಕರೆ ಬಿಟ್ಟು ಹೋಗಿದ್ದೆ. ಸಿಟ್ಟು ಬಂದಿತ್ತು, ಈಗಲೂ ಅದು ತಪ್ಪು ಅಂತಲೇ ಅನ್ನಿಸುತ್ತದೆ. ನಿಯಮ ಓದಿದಾಗ ಗೊತ್ತಾಯಿತು, ಕಾಗದದಲ್ಲಿ ಅದು ಮೊದಲೇ ಬರೆದಿತ್ತು.

ಕೇಳಲೇಬೇಕಾದ ಇನ್ನೊಂದು ಮಾತು ಲಾಂಗ್ ಟರ್ಮ್ ದರ. ಯಾರೋ ಹೆರಿಗೆ ರಜೆಗೆ ಹೋದಾಗ ಅದೇ ತರಗತಿಯಲ್ಲಿ ಸತತವಾಗಿ ನಿಂತರೆ, ಇಷ್ಟು ದಿನದ ಮೇಲೆ ದರ ಏರುತ್ತದೆ ಅಂತ ಬಹಳ ಕಡೆ ಇದೆ. ಎಷ್ಟನೇ ದಿನ ಅನ್ನುವುದು ಊರಿಗೊಂದು ಥರ. ಆರೆಗಾನ್‌ನಲ್ಲಿ ಹತ್ತು ದಿನ ದಾಟಿದರೆ ಕಾನೂನಿನ ಪ್ರಕಾರವೇ ಜಾಸ್ತಿ ಕೊಡಬೇಕು. ವಾರಕ್ಕೆ ಸರಾಸರಿ 30 ಗಂಟೆ ಮುಟ್ಟಿದವರಿಗೆ ಆರೋಗ್ಯ ವಿಮೆ ಕೊಡಬೇಕು ಅಂತ ಕೇಂದ್ರದ ಕಾನೂನು ದೊಡ್ಡ ಸಂಸ್ಥೆಗಳಿಗೆ ಹೇಳುತ್ತದೆ. ಹಾಗಾಗಿ ಕೆಲವು ಡಿಸ್ಟ್ರಿಕ್ಟ್‌ಗಳು ಸಬ್‌ಗಳಿಗೆ ವಾರಕ್ಕೆ ಇಷ್ಟೇ ದಿನ ಅಂತ ಮಿತಿ ಹಾಕಿವೆ. ದರ ಚೆನ್ನಾಗಿದ್ದು ದಿನ ಸಿಗದಿದ್ದರೆ ಏನು ಪ್ರಯೋಜನ?

ಲಾಸ್ ಏಂಜಲೀಸ್, ನ್ಯೂಯಾರ್ಕ್‌ನಂಥ ದೊಡ್ಡ ನಗರಗಳಲ್ಲಿ ಟೀಚರ್‌ಗಳ ಯೂನಿಯನ್ ಸಬ್‌ಗಳ ಪರವಾಗಿಯೂ ಮಾತಾಡುತ್ತದೆ. ಅಲ್ಲಿ ದರ ಒಪ್ಪಂದದಲ್ಲೇ ಇರುತ್ತದೆ, ಹೋಗುವ ಮೊದಲೇ ಓದಿಕೊಳ್ಳಬಹುದು. ಕೆಲವು ಡಿಸ್ಟ್ರಿಕ್ಟ್‌ಗಳು ಕೆಲ್ಲಿ ಎಜುಕೇಶನ್‌ನಂಥ ಏಜೆನ್ಸಿಗಳ ಮೂಲಕ ಸಬ್ ತರಿಸುತ್ತವೆ. ಆಗ ನೀವು ಏಜೆನ್ಸಿಯ ನೌಕರರು. ಡಿಸ್ಟ್ರಿಕ್ಟ್‌ನ ಪಿಂಚಣಿ ನಿಮಗೆ ಅನ್ವಯಿಸುತ್ತದೆಯೇ ಅಂತ ಮೊದಲೇ ಕೇಳಿ. ಬೇಸಿಗೆ ರಜೆಯಲ್ಲಿ ಸಂಬಳ ಇಲ್ಲ. ಮುಂದಿನ ವರ್ಷ ಕರೆಯುತ್ತೇವೆ ಅಂತ ಡಿಸ್ಟ್ರಿಕ್ಟ್ ಒಂದು ಪತ್ರ ಕೊಟ್ಟುಬಿಟ್ಟರೆ ಸಾಮಾನ್ಯವಾಗಿ ನಿರುದ್ಯೋಗ ಭತ್ಯೆಯೂ ಸಿಗುವುದಿಲ್ಲ.

ನೀವು ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿಯಂಥ ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ ಇದ್ದರೆ, ಇದೆಲ್ಲಕ್ಕೂ ಮೊದಲು ಕೆಲಸದ ಅನುಮತಿ ಕಾರ್ಡ್ ಬೇಕು. ಅದಿಲ್ಲದೆ ಒಂದು ದಿನವೂ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಭಾರತದ ಡಿಗ್ರಿಯಾದರೆ ಅದನ್ನು ಅಲ್ಲಿನ ಡಿಗ್ರಿಗೆ ಸಮ ಅಂತ ಮೌಲ್ಯಮಾಪನ ಮಾಡಿಸಬೇಕಾಗಬಹುದು. ಬೆರಳಚ್ಚು ತಪಾಸಣೆಯೂ ಆಗಬೇಕು. ಇವಕ್ಕೆಲ್ಲ ದುಡ್ಡು, ಸಮಯ ಎರಡೂ ಹಿಡಿಯುತ್ತದೆ. ಬಹಳ ಕಡೆ ಕೈಯಿಂದಲೇ ಹಾಕಬೇಕು.

ನನ್ನನ್ನು ಕೇಳಿದರೆ, ಸಾಧ್ಯವಾದರೆ ಎರಡೂ ಡಿಸ್ಟ್ರಿಕ್ಟ್‌ಗಳಲ್ಲಿ ಹೆಸರು ಹಾಕಿಸಿ. ಹಾಗೆ ಮಾಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಮೊದಲ ಎರಡು ತಿಂಗಳು ಹತ್ತಿರದ ಶಾಲೆಗಳಲ್ಲಿ ಕೈ ಪಳಗಿಸಿಕೊಳ್ಳಿ. ಆಮೇಲೆ ದೂರದ ಊರಿನ ಒಂದೆರಡು ಶಾಲೆಗಳಿಗೆ ಹೋಗಿ ನೋಡಿ. ಆಫೀಸಿನಲ್ಲಿ ಕೂತಿರುವ ಸೆಕ್ರೆಟರಿಯನ್ನು ಒಂದೇ ಒಂದು ಪ್ರಶ್ನೆ ಕೇಳಿ: ಹೋದ ತಿಂಗಳು ಎಷ್ಟು ದಿನ ನಿಮಗೆ ಸಬ್ ಸಿಗಲಿಲ್ಲ? ಬಹಳ ದಿನ ಅಂದರೆ ಅಲ್ಲಿ ಕೆಲಸಕ್ಕೆ ಕೊರತೆ ಇರುವುದಿಲ್ಲ, ಮತ್ತೆ ಮತ್ತೆ ಬರುವವರನ್ನು ಅವರು ಬೇಗ ಗುರುತಿಟ್ಟುಕೊಳ್ಳುತ್ತಾರೆ. ಲಾಂಗ್ ಟರ್ಮ್ ಕೆಲಸ ಬಂದಾಗ ಮೊದಲ ಫೋನ್ ಬರುವುದು ಅಂಥವರಿಗೇ.